ಕಾರಿನ ಡಿಕ್ಕಿಯಲ್ಲಿ ಇನ್ವರ್ಟರ್ ಬ್ಯಾಟರಿ ಆಸಿಡ್ ಚೆಲ್ಲಿದೆ, ಒಣಗುತ್ತಲೇ ಇಲ್ಲ. ಏನು ಮಾಡಬೇಕು?

ಬೆಟಗೇರಿ_ಅಂಗಡಿ (ಗದಗ)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಅರ್ಜೆಂಟ್ ಇದೆ. ನಿನ್ನೆ ಸಂಜೆ ನಮ್ಮ ಅಂಗಡಿಯ ಹಳೇ ಇನ್ವರ್ಟರ್ ಬ್ಯಾಟರಿಯನ್ನು ಎಕ್ಸ್‌ಚೇಂಜ್‌ಗೆ ಅಂತ ಹುಬ್ಬಳ್ಳಿಗೆ ಒಯ್ಯುತ್ತಿದ್ದೆವು. 150 ಎಎಚ್, ಎತ್ತರದ ಟ್ಯೂಬುಲರ್ ಬ್ಯಾಟರಿ. ಲೋಡ್ ಮಾಡಿದ ಹುಡುಗರು ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ ಹೋಗಿದ್ದರು, ಹಗ್ಗ ಹಾಕಿರಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಒಂದು ಹಂಪ್‌ನಲ್ಲಿ ಧಡ್ ಅಂತ ಸದ್ದಾಯಿತು. ನಿಲ್ಲಿಸಿ ನೋಡಿದರೆ ಬ್ಯಾಟರಿ ಅಡ್ಡ ಬಿದ್ದಿದೆ, ಮುಚ್ಚಳಗಳಿಂದ ಆಸಿಡ್ ಹರಿಯುತ್ತಿದೆ. ಇಬ್ಬರು ಸೇರಿ ಎತ್ತಿ ನಿಲ್ಲಿಸುವಷ್ಟರಲ್ಲಿ ಅಂದಾಜು 2 ಲೀಟರ್ ಹೋಗಿರಬೇಕು.

ಡಿಕ್ಕಿಯ ಕಾರ್ಪೆಟ್ ಪೂರ್ತಿ ನೆನೆದಿದೆ. ಹಿಂದಿನ ಸೀಟಿನ ಕೆಳಗೂ ಹರಿದ ಹಾಗಿದೆ. ಕೈಗೆ ಸಿಕ್ಕ ಹಳೇ ಟವೆಲ್‌ನಿಂದ ಒರೆಸಿದೆವು. ಇವತ್ತು ಬೆಳಗ್ಗೆ ಅದೇ ಟವೆಲ್ ಎತ್ತಿದರೆ ಎಳೆ ಎಳೆಯಾಗಿ ಕೈಗೇ ಬರುತ್ತಿದೆ. ರಾತ್ರಿಯೆಲ್ಲ ಡಿಕ್ಕಿ ತೆಗೆದಿಟ್ಟಿದ್ದೆವು, ಕಾರ್ಪೆಟ್ ಮಾತ್ರ ಇನ್ನೂ ಒದ್ದೆ. ಬಿಸಿಲಿಗೆ ನಿಲ್ಲಿಸಿದರೆ ಸಾಕಾ, ಇಲ್ಲಾ ವಾಷಿಂಗ್‌ಗೆ ಬಿಡಬೇಕಾ? ಅಪ್ಪನ ಗಾಡಿ ಇದು. ತುಂಬಾ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಉಣಕಲ್_ಕೆರೆದಂಡೆ (ಹುಬ್ಬಳ್ಳಿ)

ಸೀದಾ ಫೋಮ್ ವಾಷಿಂಗ್‌ಗೆ ಬಿಡಿ. ಪ್ರೆಷರ್ ಗನ್‌ನಿಂದ ಹೊಡೆದರೆ ಎಲ್ಲಾ ಹೋಗುತ್ತದೆ. ಆಮೇಲೆ 2 ದಿನ ಬಿಸಿಲಿಗೆ ನಿಲ್ಲಿಸಿ.

ಗ್ಯಾರೇಜ್_ಗೋಕುಲರೋಡ್ (ಹುಬ್ಬಳ್ಳಿ)

ಬೇಡ, ದಯವಿಟ್ಟು ಪ್ರೆಷರ್ ವಾಷಿಂಗ್‌ಗೆ ಬಿಡಬೇಡಿ. ಮೇಲಿನವರು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಗನ್ ಹೊಡೆದರೆ ಆಸಿಡ್ ಹೊರಗೆ ಹೋಗುವುದಿಲ್ಲ, ಒಳಗೆ ಹೋಗುತ್ತದೆ. ಕಾರ್ಪೆಟ್ ಕೆಳಗೆ ಒಂದು ದಪ್ಪ ಫೆಲ್ಟ್ ಇರುತ್ತದೆ. ಅದರ ಕೆಳಗೆ ತಗಡು. ತಗಡಿನ ಪಕ್ಕದಲ್ಲೇ, ಬಾಗಿಲ ಪಟ್ಟಿಯ ಉದ್ದಕ್ಕೂ ವೈರಿಂಗ್ ಹೋಗಿರುತ್ತದೆ. ಈಗ 2 ಅಡಿ ಜಾಗದಲ್ಲಿರುವ ಆಸಿಡ್ ನೀರಿನ ಜೊತೆ ಮುಂದಿನ ಸೀಟಿನ ತನಕ ಹರಿಯುತ್ತದೆ. ಗನ್ ಹಿಡಿದ ಹುಡುಗನ ಮುಖಕ್ಕೂ ಸಿಡಿಯುತ್ತದೆ.

ಬಿಸಿಲಿಗೆ ನಿಲ್ಲಿಸುವುದೂ ಪ್ರಯೋಜನ ಇಲ್ಲ. ಪೆಟ್ರೋಲ್ ಚೆಲ್ಲಿದರೆ ಹಾರಿಹೋಗುತ್ತದೆ. ಬ್ಯಾಟರಿ ಆಸಿಡ್ ಹಾರುವುದಿಲ್ಲ, ಅಲ್ಲೇ ಕೂತಿರುತ್ತದೆ.

ಮೊದಲು ಕೈಗೆ ರಬ್ಬರ್ ಗ್ಲೌಸ್ ಹಾಕಿ, ಬಟ್ಟೆಯ ಗ್ಲೌಸ್ ಬೇಡ. ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಗಾಗಲ್ಸ್ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಾಲಿಗೆ ಚಪ್ಪಲಿ ಬೇಡ, ಬೂಟು ಹಾಕಿ. ಪಕ್ಕದಲ್ಲಿ ಒಂದು ಬಕೆಟ್ ಸ್ವಚ್ಛ ನೀರು, ಆಗದಿದ್ದರೆ ನಲ್ಲಿಯ ಪೈಪ್ ಇಟ್ಟುಕೊಳ್ಳಿ. ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಡಿ. ಕಾರಿನ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮಕ್ಕಳನ್ನು, ನಾಯಿಯನ್ನು ದೂರ ಇಡಿ.

ಆಮೇಲೆ ಒದ್ದೆ ಇರುವ ಕಡೆ ಒಣ ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ. ನೊರೆ ಬರುತ್ತದೆ. ನೊರೆ ನಿಂತ ಮೇಲೆ ಆ ಮುದ್ದೆಯನ್ನು ಪ್ಲಾಸ್ಟಿಕ್ ಡಸ್ಟ್‌ಪ್ಯಾನ್‌ನಿಂದ ಎತ್ತಿ, ಮತ್ತೆ ಉದುರಿಸಿ. ಹೊಸ ಸೋಡಾ ಬಿದ್ದರೂ ನೊರೆ ಬರಲಿಲ್ಲ ಅಂದರೆ ಮೇಲಿನ ಆಸಿಡ್ ಸತ್ತಿದೆ ಅಂತ. ಮೇಲಿನದ್ದು ಮಾತ್ರ. ಕೆಳಗಿನದ್ದಕ್ಕೆ ಕಾರ್ಪೆಟ್ ಎತ್ತಲೇಬೇಕು.

ಬೆಟಗೇರಿ_ಅಂಗಡಿ

ಧನ್ಯವಾದ ಅಣ್ಣ. ಕಿರಾಣಿಯಿಂದ 100 ಗ್ರಾಂನ 2 ಪ್ಯಾಕೆಟ್ ಸೋಡಾ ತಂದಿದ್ದೇನೆ. ಸಾಕಾ?

ಸಪ್ತಾಪುರ_ಕೆಮಿಸ್ಟ್ರಿ (ಧಾರವಾಡ)

ಸಾಲುವುದಿಲ್ಲ. ಹೆಚ್ಚಿನವರ ಕೆಲಸ ಇಲ್ಲೇ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೇ ಲೆಕ್ಕ ಹೇಳುತ್ತೇನೆ.

ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಗ್ರ್ಯಾವಿಟಿ, ಅಂದರೆ ಒಳಗಿನ ದ್ರವ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಅಳತೆ, 1.280 ಅಂತ ಇಟ್ಟುಕೊಳ್ಳಿ. ಆಗ ಒಂದು ಲೀಟರ್ ದ್ರವದಲ್ಲಿ ಸುಮಾರು 470 ಗ್ರಾಂ ಸಲ್ಫ್ಯೂರಿಕ್ ಆಸಿಡ್ ಇರುತ್ತದೆ. ಅದನ್ನು ಪೂರ್ತಿ ಸಾಯಿಸಲು 800 ಗ್ರಾಂ ಅಡುಗೆ ಸೋಡಾ ಬೇಕು. ಒಂದು ಲೀಟರಿಗೆ ಇಷ್ಟು. ನಿಮ್ಮದು ಹಳೇ ಬ್ಯಾಟರಿ, ಚಾರ್ಜ್ ಇಳಿದಿದ್ದರೆ ಆಸಿಡ್ ತೆಳುವಾಗಿರುತ್ತದೆ. ಗ್ರ್ಯಾವಿಟಿ 1.120ಕ್ಕೆ ಇಳಿದಿದ್ದರೆ ಲೀಟರಿಗೆ 350 ಗ್ರಾಂ ಸೋಡಾ ಸಾಕು. ಆದರೆ ನಿಮಗೆ ಗ್ರ್ಯಾವಿಟಿ ಗೊತ್ತಿಲ್ಲ ಅಲ್ವಾ? 2 ಕಿಲೋ ತನ್ನಿ. ಮಿರ್ಚಿ ಭಜಿ ಮಾಡುವವರಿಗೆ ಕೊಡುವ ಹೋಲ್‌ಸೇಲ್ ಕಿರಾಣಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಉಳಿದರೆ ಮನೆಗೆ ಆಗುತ್ತದೆ.

"ಹಳೇ ಬ್ಯಾಟರಿ, ಡೆಡ್ ಆಗಿತ್ತು, ಆಸಿಡ್‌ನಲ್ಲಿ ಪವರ್ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚೆಲ್ಲಿದ ದ್ರವದಲ್ಲಿ ನೀರು ಮಾತ್ರ ಆರುತ್ತದೆ, ಆಸಿಡ್ ಉಳಿಯುತ್ತದೆ. ದಿನ ಕಳೆದಂತೆ ಅದು ಗಟ್ಟಿಯಾಗುತ್ತದೆ. ನಮ್ಮ ಕಡೆಯ ಬೇಸಿಗೆಯ ಒಣ ಹವೆಯಲ್ಲಿ ಅರ್ಧಕ್ಕರ್ಧ ಆಸಿಡ್ ಆಗುವಷ್ಟು ಗಟ್ಟಿಯಾಗಬಹುದು. ಹೊಸ ಬ್ಯಾಟರಿಯಲ್ಲೇ ಇರುವುದು ತೂಕದಲ್ಲಿ ನೂರಕ್ಕೆ 37 ಭಾಗ. ಅಂದರೆ ಡೆಡ್ ಬ್ಯಾಟರಿಯಿಂದ ಚೆಲ್ಲಿದ ತೆಳು ಆಸಿಡ್ ಏಪ್ರಿಲ್ ಬಿಸಿಲಲ್ಲಿ ಹೊಸ ಬ್ಯಾಟರಿಯ ಆಸಿಡ್‌ಗಿಂತ ಖಾರ ಆಗಿ ಕೂರುತ್ತದೆ. ಮಳೆಗಾಲ ಬಂದರೆ ಅದೇ ಆಸಿಡ್ ಗಾಳಿಯ ತೇವ ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ನಿಮ್ಮ ಕಾರ್ಪೆಟ್ ಒಣಗದೇ ಇರುವುದಕ್ಕೂ ಇದೇ ಕಾರಣ.

ಇನ್ನೊಂದು. ಸೋಡಾ ಬಿದ್ದಾಗ ಬರುವ ನೊರೆ ಕಾರ್ಬನ್ ಡೈಆಕ್ಸೈಡ್. ಒಂದು ಲೀಟರ್ ಸ್ಟ್ರಾಂಗ್ ಆಸಿಡ್‌ನಿಂದ 200 ಲೀಟರ್‌ಗಿಂತ ಜಾಸ್ತಿ ಗ್ಯಾಸ್ ಬರುತ್ತದೆ. ಕಾರಿನೊಳಗೆ ತಲೆ ಹಾಕಿಕೊಂಡು ಕೂರಬೇಡಿ. ಸ್ವಲ್ಪ ಉದುರಿಸಿ, ಹಿಂದೆ ಸರಿಯಿರಿ, ಮತ್ತೆ ಬನ್ನಿ.

ಮೈಗೆ ತಾಗಿದರೆ ಸೋಡಾ ಹಚ್ಚಬೇಡಿ. ಬರೀ ನೀರು. ಹರಿಯುವ ನೀರಲ್ಲಿ 15ರಿಂದ 20 ನಿಮಿಷ ಹಿಡಿಯಬೇಕು. ಆಸಿಡ್ ಬಿದ್ದ ಬಟ್ಟೆ ತಕ್ಷಣ ಬಿಚ್ಚಬೇಕು. ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹಿಡಿದು ಅಷ್ಟೇ ಹೊತ್ತು ನೀರು ಬಿಟ್ಟು, ಆಮೇಲೆ ಸೀದಾ ಆಸ್ಪತ್ರೆಗೆ. ಮೊದಲು ನೀರು, ಆಮೇಲೆ ಗಾಡಿ ಸ್ಟಾರ್ಟ್ ಮಾಡುವುದು. "ಕಿಮ್ಸ್‌ಗೆ ಹೋಗಿ ತೊಳೆಸೋಣ" ಅಂತ ಓಡಿದರೆ ದಾರಿಯಲ್ಲೇ ಕಣ್ಣು ಕೆಡುತ್ತದೆ.

ಅಣ್ಣಿಗೇರಿ_ಹೊಲ (ಧಾರವಾಡ ಜಿಲ್ಲೆ)

ಟ್ರ್ಯಾಕ್ಟರ್ ಬ್ಯಾಟರಿ ಚೆಲ್ಲಿದರೆ ನಾವು ಒಲೆಯ ಬೂದಿ ಹಾಕುತ್ತೇವೆ. ಸುಣ್ಣದ ಪುಡಿನೂ ಹಾಕುತ್ತಾರೆ. ಸುಮ್ನೆ 2 ಕಿಲೋ ಸೋಡಾಕ್ಕೆ ಯಾಕೆ ದುಡ್ಡು? ಬಟ್ಟೆ ಸೋಡಾನಾದರೂ ಅಗ್ಗ.

ಸಪ್ತಾಪುರ_ಕೆಮಿಸ್ಟ್ರಿ

ಹೊಲದಲ್ಲಿ, ಶೆಡ್ಡಿನ ನೆಲದ ಮೇಲೆ ಬೂದಿ ಒಳ್ಳೆಯದೇ. ಕಟ್ಟಿಗೆ ಬೂದಿಯಲ್ಲಿ ಕ್ಷಾರ ಇದೆ, ಆಸಿಡ್ ಸಾಯುತ್ತದೆ. ಆದರೆ ಕಾರಿನ ಕಾರ್ಪೆಟ್‌ಗೆ ಹಾಕಿದರೆ ಕರಿ ಕೆಸರು ಆಗುತ್ತದೆ, ಎಷ್ಟು ಹಾಕಬೇಕು ಅಂತ ಅಂದಾಜೂ ಸಿಗುವುದಿಲ್ಲ.

ಸುಣ್ಣ ಬೇಡ. ಸುಟ್ಟ ಸುಣ್ಣ ನೀರು ತಾಗಿದರೇ ಕುದಿಯುತ್ತದೆ, ಇನ್ನು ಆಸಿಡ್ ತಾಗಿದರೆ ಕೇಳಬೇಕಾ. ಕಣ್ಣಿಗೆ ಹೋದರೆ ಆಸಿಡ್‌ಗಿಂತ ಕೆಟ್ಟದ್ದು. ಮೇಲಾಗಿ ಆಸಿಡ್ ಜೊತೆ ಸೇರಿ ಜಿಪ್ಸಂ ಆಗುತ್ತದೆ. ಅದು ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಕಾರ್ಪೆಟ್ ಎಳೆಗಳಲ್ಲಿ ಗಚ್ಚಿನ ಹಾಗೆ ಕೂರುತ್ತದೆ.

ಬಟ್ಟೆ ಸೋಡಾ ಕೆಲಸ ಮಾಡುತ್ತದೆ, ತೂಕದಲ್ಲೂ ಕಡಿಮೆ ಸಾಕು. ಆದರೆ ಅದು ಸ್ಟ್ರಾಂಗ್. ಜಾಸ್ತಿ ಬಿದ್ದರೆ ಅದೇ ಕೈ ಸುಡುತ್ತದೆ, ಅಲ್ಯೂಮಿನಿಯಂ ಭಾಗ ತಿನ್ನುತ್ತದೆ. ಅಡುಗೆ ಸೋಡಾ ಎಷ್ಟು ಜಾಸ್ತಿ ಹಾಕಿದರೂ ಅಂಥ ಅಪಾಯ ಇಲ್ಲ. ಅದಕ್ಕೇ ಕಾರಿನೊಳಗೆ ಅದನ್ನೇ ಹೇಳುವುದು.

ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ತೊಳೆಯುವ ಬ್ಲೀಚ್ ಹತ್ತಿರವೂ ತರಬೇಡಿ. ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಕಾರಿನಂಥ ಇಕ್ಕಟ್ಟು ಜಾಗದಲ್ಲಿ ಅದು ಜೀವಕ್ಕೇ ಅಪಾಯ.

ಅಣ್ಣಿಗೇರಿ_ಹೊಲ

ಸುಣ್ಣದ ವಿಷಯ ಗೊತ್ತಿರಲಿಲ್ಲ ಮೇಡಂ. ನಮ್ಮ ಓಣಿಯಲ್ಲಿ ಎಲ್ಲರಿಗೂ ಹೇಳುತ್ತೇನೆ.

ಮೋಟೆಬೆನ್ನೂರು_ಟ್ಯಾಕ್ಸಿ (ಹಾವೇರಿ)

ಗೆಳೆಯರೊಬ್ಬರ ಟ್ಯಾಕ್ಸಿಯಲ್ಲಿ ಇದೇ ಆಗಿತ್ತು. ಮೇಲೆ ಒರೆಸಿ, ಸೆಂಟ್ ಹೊಡೆದು, ಹೊಸ ಮ್ಯಾಟ್ ಹಾಕಿ ಓಡಿಸಿದರು. ಮಳೆಗಾಲ ಮುಗಿದ ಮೇಲೆ ಹಿಂದಿನ ಸೀಟ್ ಅಲ್ಲಾಡುತ್ತಿದೆ ಅಂತ ಪ್ಯಾಸೆಂಜರ್ ಹೇಳಿದರು. ಬಿಚ್ಚಿ ನೋಡಿದರೆ ಸೀಟ್ ಕೂರುವ ಬ್ರ್ಯಾಕೆಟ್ ಸುತ್ತ ತಗಡು ಜಂಗು ಹಿಡಿದು ಪದರ ಪದರ ಎದ್ದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ರಸ್ತೆ ಕಾಣಿಸಿತು. ವೆಲ್ಡಿಂಗ್, ಟಿಂಕರಿಂಗ್, ಪೇಂಟ್ ಅಂತ ಸಿಕ್ಕಾಪಟ್ಟೆ ಖರ್ಚಾಯಿತು. ಆಸಿಡ್ ಎಲ್ಲಿ ಬಿದ್ದಿತ್ತೋ ಅಲ್ಲಿ ಕಾರ್ಪೆಟ್ ಮೇಲೆ ಒಂದು ಕಲೆನೂ ಇರಲಿಲ್ಲ. ಇದೊಂದು ಮಾತ್ರ ತಲೆಯಲ್ಲಿಡಿ. ಮೇಲೆ ಚೆನ್ನಾಗಿ ಕಂಡರೆ ಕೆಳಗೂ ಚೆನ್ನಾಗಿದೆ ಅಂತಲ್ಲ.

ಸೀಟ್ ಬೆಲ್ಟ್‌ಗೆ ತಾಗಿದೆಯಾ ನೋಡಿ. ಹಿಂದಿನ ಬೆಲ್ಟ್‌ಗಳ ಬಕಲ್ ಸೀಟಿನ ಸಂದಿಯಲ್ಲೇ ಬಿದ್ದಿರುತ್ತದೆ. ಆಸಿಡ್ ಮೊದಲು ಹೋಗುವುದೇ ಅಲ್ಲಿಗೆ.

ಬೆಟಗೇರಿ_ಅಂಗಡಿ

ಎಲ್ಲರಿಗೂ ಕೈ ಮುಗಿದೆ. ಇವತ್ತು ಇಡೀ ದಿನ ಇದೇ ಕೆಲಸ. ಆದಷ್ಟು ಹೇಳುತ್ತೇನೆ.

ಡಿಕ್ಕಿ ಕಾರ್ಪೆಟ್ ಸುಲಭವಾಗಿ ಬಂತು. ಅದರ ಕೆಳಗೆ ಗಟ್ಟಿ ಹಲಗೆ, ಅದರ ಕೆಳಗೆ ಸ್ಟೆಪ್ನಿ. ಸ್ಟೆಪ್ನಿ ಎತ್ತಿದಾಗ ಎದೆ ಧಸಕ್ ಅಂತು. ಗುಂಡಿಯ ತಳದಲ್ಲಿ ಅರ್ಧ ಬೆರಳಷ್ಟು ಆಸಿಡ್ ನಿಂತಿತ್ತು. ಜ್ಯಾಕ್ ಅದರಲ್ಲೇ ಮುಳುಗಿ ಕೂತಿತ್ತು. ಅದರ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು, ಸೋಡಾ ಹಾಕುವ ಮೊದಲೇ. ಬಣ್ಣ ಕಿತ್ತ ಕಡೆ ಕಬ್ಬಿಣ ಬೂದು ಬಣ್ಣಕ್ಕೆ ತಿರುಗಿತ್ತು.

ಸೋಡಾ ಹಾಕಿದ ಕೂಡಲೇ ಚುಸ್ ಅಂತ ನೊರೆ ಗುಂಡಿಯ ಅರ್ಧದ ತನಕ ಬಂತು. ಆ ಗುಂಡಿಗೇ ಒಂದು ಕಿಲೋ ಹತ್ತಿರ ಹೋಯಿತು. ಹಿಂದಿನ ಸೀಟಿನ ಕುಶನ್ ಎತ್ತಿದ್ದೇನೆ. ಕೆಳಗಿನ ಫೆಲ್ಟ್ ಬಲಗಡೆ ನೆನೆದಿದೆ. ಒಂದು ಚೂರು ಹಿಡಿದು ಎಳೆದೆ, ಒದ್ದೆ ಬ್ರೆಡ್ ಥರ ಕಿತ್ತು ಬಂತು. ಇದನ್ನು ತೊಳೆಯಬಹುದಾ? ಅಲ್ಲೇ ಒಂದು ಹಳದಿ ವೈರ್, ಹಳದಿ ಕನೆಕ್ಟರ್ ಕೂಡ ಇದೆ. ಮುಟ್ಟಿಲ್ಲ.

ಗ್ಯಾರೇಜ್_ಗೋಕುಲರೋಡ್

ಮುಟ್ಟದೇ ಇದ್ದದ್ದು ತುಂಬಾ ಒಳ್ಳೆಯದಾಯಿತು. ಹಳದಿ ಕನೆಕ್ಟರ್ ಅಂದರೆ ಸಾಮಾನ್ಯವಾಗಿ ಏರ್‌ಬ್ಯಾಗ್ ಇಲ್ಲವೇ ಬೆಲ್ಟ್ ಟೆನ್ಷನರ್ (ಅಪಘಾತ ಆದಾಗ ಸೀಟ್ ಬೆಲ್ಟ್ ಬಿಗಿ ಮಾಡುವ ಸಾಧನ) ಲೈನ್. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಮಲ್ಟಿಮೀಟರ್ ಕೂಡ ಹಚ್ಚಬೇಡಿ. ಕನೆಕ್ಟರ್ ಒದ್ದೆಯಾಗಿದ್ದರೆ ಸ್ಕ್ಯಾನರ್ ಇರುವ ಕಡೆ ತೋರಿಸಿ, ಎಲೆಕ್ಟ್ರಿಷಿಯನ್‌ಗೆ "ಆಸಿಡ್ ಬಿದ್ದಿದೆ" ಅಂತ ಮೊದಲೇ ಹೇಳಿ. ಬೇರೆ ವೈರಿಂಗ್‌ಗೆ ಸೋಡಾ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆ. ಟೇಪ್ ಸುತ್ತಿದ ಕಡೆ ಒಳಗೆ ಹೋಗಿದ್ದರೆ ಟೇಪ್ ಬಿಚ್ಚಿ ನೋಡಬೇಕು. ತಾಮ್ರ ಹಸಿರು ಬಿಟ್ಟಿದ್ದರೆ ಆ ತುಂಡು ಕತ್ತರಿಸಿ ಹೊಸದು ಹಾಕಬೇಕು.

ಫೆಲ್ಟ್ ತೊಳೆಯಬೇಡಿ. ಬಿಸಾಕಿ. ಅದರಲ್ಲಿ ಹತ್ತಿ ಚಿಂದಿ ಜಾಸ್ತಿ ಇರುತ್ತದೆ, ಆಸಿಡ್‌ಗೆ ಅದು ಉಳಿಯುವುದಿಲ್ಲ. ಉಳಿದರೂ ಒಳಗಿನ ಆಸಿಡ್‌ನ್ನು ನೀವು ಪೂರ್ತಿ ತೆಗೆಯಲಾರಿರಿ. ಒದ್ದೆ ಇರುವ ಭಾಗದಿಂದ ಒಂದು ಗೇಣು ಆಚೆಗೆ ಬ್ಲೇಡ್‌ನಿಂದ ಕತ್ತರಿಸಿ ತೆಗೆಯಿರಿ. ಹೊಸ ಫೆಲ್ಟ್ ಕಾರ್ ಡೆಕೋರ್ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ತಗಡು ಕಾಣಿಸಿತಲ್ಲ, ಈಗ ನಿಜವಾದ ಕೆಲಸ. ಒಂದು ಲೀಟರ್ ನೀರಿಗೆ 100 ಗ್ರಾಂ ಸೋಡಾ ಕಲಸಿ, ಅದಕ್ಕಿಂತ ಜಾಸ್ತಿ ಕರಗುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮಡಿಕೆ, ಬೋಲ್ಟ್ ತಲೆ, ಸ್ಪಾಟ್ ವೆಲ್ಡ್ ಸಾಲು, ಎಲ್ಲಾ ಕಡೆ ಹಚ್ಚಿ. ಎರಡು ತಗಡು ಕೂಡುವ ಸಂದಿಯಲ್ಲಿ ಆಸಿಡ್ ಸೇರಿಕೊಂಡಿರುತ್ತದೆ, ಅಲ್ಲಿ ಸಿರಿಂಜ್‌ನಿಂದ ಸೋಡಾ ನೀರು ಬಿಡಿ. ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇರುತ್ತದೆ, ನೊರೆ ಪೂರ್ತಿ ನಿಂತ ಮೇಲೆ ಅದನ್ನು ತೆಗೆದು ಕೆಳಗೆ ಟಬ್ ಇಟ್ಟು ಹರಿಸಿ. ಕಾರಿನ ಕೆಳಗೂ ಬಗ್ಗಿ ನೋಡಿ. ಬಿರಡೆ ಸಂದಿಯಿಂದ ಆಸಿಡ್ ಇಳಿದಿದ್ದರೆ ಸೈಲೆನ್ಸರ್ ಹ್ಯಾಂಗರ್, ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್ ಇದೆಲ್ಲ ಅಲ್ಲೇ ಹತ್ತಿರ ಇರುತ್ತದೆ. ಬ್ರೇಕ್ ಪೈಪ್ ಮೇಲೆ ಕಲೆ ಕಂಡರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನ್ನು ಮನೆಗೇ ಕರೆಸಿ.

ಕೊನೆಗೆ ಬರೀ ನೀರಿನಿಂದ ತೊಳೆಯಲೇಬೇಕು. ಸೋಡಾ, ಆಸಿಡ್ ಸೇರಿ ಒಂದು ಥರ ಉಪ್ಪು ಉಳಿಯುತ್ತದೆ. ಒಣಗಿದರೆ ಬಿಳಿ ಪುಡಿ ಕಾಣಿಸುತ್ತದೆ. ಅದನ್ನು ಬಿಟ್ಟರೆ ಮಳೆಗಾಲದಲ್ಲಿ ತೇವ ಹಿಡಿದು ಜಂಗು ಶುರುವಾಗುತ್ತದೆ. ಒದ್ದೆ ಎಳೆಯುವ ವ್ಯಾಕ್ಯೂಮ್ ಇದ್ದರೆ ಈ ಹಂತದಲ್ಲಿ ಬಳಸಿ, ಮೊದಲೇ ಅಲ್ಲ. ಪೂರ್ತಿ ಒಣಗಿದ ಮೇಲೆ ಬಣ್ಣ ಎದ್ದ ಕಡೆ ವೈರ್ ಬ್ರಷ್ ಹೊಡೆದು, ರಸ್ಟ್ ಕನ್ವರ್ಟರ್, ಪ್ರೈಮರ್, ಪೇಂಟ್. ಸಂದಿಗೆ ಸೀಲರ್.

ಕುಶನ್_ದುರ್ಗದಬೈಲ್ (ಹುಬ್ಬಳ್ಳಿ)

ಸೀಟ್ ಕೆಲಸ ಮಾಡುವವನು ನಾನು. ಬಟ್ಟೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಎಲ್ಲಾ ಬಟ್ಟೆ ಒಂದೇ ಥರ ಅಲ್ಲ. ಹತ್ತಿ ಮೊದಲು ಹೋಗುತ್ತದೆ. ನೈಲಾನ್ ಕೂಡ ಆಸಿಡ್‌ಗೆ ನಿಲ್ಲುವುದಿಲ್ಲ. ಪಾಲಿಯೆಸ್ಟರ್, ಪಾಲಿಪ್ರೊಪಿಲಿನ್ ತಡೆಯುತ್ತವೆ. ನಮ್ಮಲ್ಲಿ ಎಷ್ಟೋ ಗಾಡಿಗಳ ಡಿಕ್ಕಿ ಕಾರ್ಪೆಟ್ ಈ ಎರಡರದ್ದೇ, ಹಾಗಾಗಿ ಕಾರ್ಪೆಟ್ ಉಳಿದು ಟವೆಲ್ ಹೋಯಿತು. ರೆಕ್ಸಿನ್ ಕವರ್ ಮೇಲೆ ಆಸಿಡ್ ಬಿದ್ದರೂ ಬೇಗ ಏನೂ ಆಗುವುದಿಲ್ಲ, ಆದರೆ ಹೊಲಿಗೆ ನೋಡಿ. ಹೊಲಿಗೆ ದಾರ ಹೆಚ್ಚಾಗಿ ನೈಲಾನ್. ರೆಕ್ಸಿನ್ ಹೊಸದರ ಹಾಗೆ ಇರುತ್ತದೆ, ಯಾರೋ ಭಾರ ಹಾಕಿ ಕೂತ ಕೂಡಲೇ ಹೊಲಿಗೆ ಉದ್ದಕ್ಕೆ ಬಿಟ್ಟುಕೊಳ್ಳುತ್ತದೆ. ಉಗುರಿನಿಂದ ಒಂದೊಂದು ಹೊಲಿಗೆ ಎಳೆದು ನೋಡಿ. ಪುಡಿಯಾಗಿ ಬಂದರೆ ಆ ಪ್ಯಾನೆಲ್ ಬಿಚ್ಚಿ ಮತ್ತೆ ಹೊಲಿಸಿ.

ಫೋಮ್ ಒಳಗೆ ಇಳಿದಿದ್ದರೆ ಮೇಲಿಂದ ಸೋಡಾ ನೀರು ಹಾಕಿ ಹಿಂಡುವುದರಿಂದ ಪೂರ್ತಿ ಹೋಗುವುದಿಲ್ಲ. ಆ ಭಾಗ ಕತ್ತರಿಸಿ ಹೊಸ ಫೋಮ್ ಅಂಟಿಸುವುದೇ ಸರಿ. ದೊಡ್ಡ ಕೆಲಸ ಅಲ್ಲ.

ನಿನ್ನೆ ನೀವು ಹಾಕಿಕೊಂಡಿದ್ದ ಜೀನ್ಸ್ ಪ್ಯಾಂಟ್ ಇದ್ದರೆ ಬೇರೆ ಬಟ್ಟೆ ಜೊತೆ ಮಷಿನ್‌ಗೆ ಹಾಕಬೇಡಿ. ಈಗ ಏನೂ ಕಾಣುವುದಿಲ್ಲ. ತೊಳೆದ ಮೇಲೆ ಮಂಡಿ ಹತ್ತಿರ ಕಾಳು ಕಾಳಾಗಿ ತೂತು ಬೀಳುತ್ತದೆ.

ನವನಗರ_ತಾಯಿ (ಹುಬ್ಬಳ್ಳಿ)

ಓದುತ್ತಾ ಇದ್ದೆ, ಕೇಳದೇ ಇರಲು ಆಗಲಿಲ್ಲ. ಬ್ಯಾಟರಿಯಲ್ಲಿ ಸೀಸ ಇರುತ್ತದೆ ಅಲ್ವಾ? ಆಸಿಡ್ ಸತ್ತರೂ ಸೀಸ ಉಳಿಯುವುದಿಲ್ಲವಾ? ಹಿಂದಿನ ಸೀಟಲ್ಲಿ ಕೂರುವುದು ಮಕ್ಕಳು.

ಸಪ್ತಾಪುರ_ಕೆಮಿಸ್ಟ್ರಿ

ಬಹಳ ಮುಖ್ಯವಾದ ಪ್ರಶ್ನೆ. ಯಾರೂ ಕೇಳುವುದಿಲ್ಲ ಇದನ್ನು.

ಹೌದು, ಉಳಿಯುತ್ತದೆ. ಹಳೇ ಬ್ಯಾಟರಿ ಅಡ್ಡ ಬಿದ್ದಾಗ ತಳದ ರಾಡಿಯೂ ಆಸಿಡ್ ಜೊತೆ ಬರಬಹುದು. ಕಂದು ಇಲ್ಲವೇ ಬೂದು ಬಣ್ಣದ ನುಣ್ಣನೆ ಕೆಸರು ಕಂಡರೆ ಅದು ಸೀಸದ್ದು. ಸೋಡಾ ಹಾಕಿದರೆ ಸೀಸ ಮಾಯ ಆಗುವುದಿಲ್ಲ. ಒಣಗಿದರೆ ಧೂಳಾಗುತ್ತದೆ, ಅದೇ ಅಪಾಯ. ಆದ್ದರಿಂದ ಒಣ ಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ. ಒದ್ದೆ ಇರುವಾಗಲೇ ಒದ್ದೆ ಬಟ್ಟೆಯಿಂದ ಎತ್ತಿ. ಬಟ್ಟೆ, ಫೆಲ್ಟ್, ಸೋಡಾ ಮುದ್ದೆ ಎಲ್ಲಾ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬ್ಯಾಟರಿ ಜೊತೆ ಡೀಲರ್‌ಗೇ ತೋರಿಸಿ, ಎಲ್ಲಿಗೆ ಕಳಿಸುತ್ತಾರೆ ಕೇಳಿ. ತೊಳೆದ ನೀರನ್ನು ಬಾವಿಯ ಹತ್ತಿರ, ದನ ಕುಡಿಯುವ ಕಡೆ, ಕೈತೋಟಕ್ಕೆ ಬಿಡಬೇಡಿ. ಕೆಲಸ ಮುಗಿದ ಮೇಲೆ ಕೈ ಸೋಪಿನಿಂದ ತೊಳೆದೇ ಊಟ. ಮಕ್ಕಳಿರುವ ಗಾಡಿಯಾದರೆ ಸೀಟಿನ ಕೆಳಗಿನ ತಗಡನ್ನು ಒದ್ದೆ ಬಟ್ಟೆ ಬದಲಿಸಿ ಬದಲಿಸಿ ಒರೆಸಿ, ಬಟ್ಟೆ ಸ್ವಚ್ಛ ಬರುವ ತನಕ.

ಆಸಿಡ್ ಉಳಿದಿದೆಯಾ ನೋಡಲು ಪಿಎಚ್ ಪೇಪರ್ ಒಳ್ಳೆಯದು. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ, ಮೀನಿನ ತೊಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಕೆಂಪು ದಾಸವಾಳದ ಹೂ ಬಿಸಿನೀರಲ್ಲಿ ನೆನೆಸಿ, ಆ ನೀರಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿ. ಆಸಿಡ್ ತಾಗಿದರೆ ಢಾಳಾದ ಗುಲಾಬಿ ಬಣ್ಣ, ಕ್ಷಾರ ತಾಗಿದರೆ ಹಸಿರು ಕಡೆಗೆ. ಕೊನೆಯ ಸಲ ತೊಳೆದ ನೀರಿನ ಒಂದು ಹನಿ ಇಟ್ಟು ನೋಡಿ. ಗುಲಾಬಿ ಬಂದರೆ ಇನ್ನೂ ಕೆಲಸ ಇದೆ. ಅರಿಶಿನ ಇದಕ್ಕೆ ಆಗುವುದಿಲ್ಲ, ಆಸಿಡ್‌ಗೆ ಅದು ಹಳದಿಯಾಗೇ ಇರುತ್ತದೆ.

ತಾರಿಹಾಳ_ಶಿಫ್ಟ್ (ಹುಬ್ಬಳ್ಳಿ)

ನನ್ನ ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆ. ಪಕ್ಕದಲ್ಲಿ ಸಣ್ಣ ಬ್ಯಾಟರಿ ಇಟ್ಟು ಒಯ್ಯುತ್ತಿರುತ್ತೇನೆ. ಆಸಿಡ್ ಹನಿ ಬಿದ್ದರೆ ಸೋಡಾದಿಂದ ಒರೆಸಿದರೆ ಆಯ್ತಾ?

ಗ್ಯಾರೇಜ್_ಗೋಕುಲರೋಡ್

ಸಿಲಿಂಡರ್ ಪಕ್ಕ ಬ್ಯಾಟರಿ ಇಡುವುದನ್ನು ಇವತ್ತೇ ನಿಲ್ಲಿಸಿ. ಸಿಲಿಂಡರ್‌ನಲ್ಲಿ 200 ಬಾರ್ ಪ್ರೆಷರ್ ಇರುತ್ತದೆ. ಆಸಿಡ್ ಸಿಲಿಂಡರ್, ಬೆಲ್ಟ್, ವಾಲ್ವ್, ಪೈಪ್ ಯಾವುದಕ್ಕೆ ತಾಗಿದರೂ ಒರೆಸಿ ಸುಮ್ಮನಿರುವ ಹಾಗಿಲ್ಲ. ಗ್ಯಾಸ್ ಬಂದ್ ಮಾಡಿ, ಲೈಸೆನ್ಸ್ ಇರುವ ಟೆಸ್ಟಿಂಗ್ ಸೆಂಟರ್‌ನಲ್ಲಿ ತೋರಿಸಿ. ಹೇಗೂ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಪ್ರೆಷರ್ ಕೊಟ್ಟು ನೋಡುವುದು) ಕಡ್ಡಾಯ ಇದೆ. ಆದರೆ ಆಸಿಡ್ ಬಿದ್ದರೆ ಆ ತಾರೀಖಿನ ತನಕ ಕಾಯಬಾರದು.

ಬೆಟಗೇರಿ_ಅಂಗಡಿ

ಮತ್ತೆ ಅಪ್‌ಡೇಟ್. ಫೆಲ್ಟ್ ಕತ್ತರಿಸಿ ತೆಗೆದೆ. ಮನೆಯಲ್ಲಿ ದಾಸವಾಳ ಇತ್ತು, ಅಮ್ಮ ಕಾಗದ ಮಾಡಿಕೊಟ್ಟರು. ಮೊದಲು ಸ್ಟೆಪ್ನಿ ಗುಂಡಿಯ ನೀರು ಇಟ್ಟರೆ ಬಣ್ಣ ಬದಲಾಗಲಿಲ್ಲ, ಖುಷಿಯಾಯಿತು. ಬಲಗಡೆ ವೀಲ್ ಆರ್ಚ್ ಹತ್ತಿರ ಎರಡು ತಗಡು ಕೂಡುವ ಸಂದಿಯಿಂದ ಒಂದು ಹನಿ ತೆಗೆದು ಇಟ್ಟರೆ ಗಾಢ ಗುಲಾಬಿ! ಹೊರಗೆ ನೋಡಿದರೆ ಪೂರ್ತಿ ಒಣಗಿ ಸ್ವಚ್ಛ ಇತ್ತು. ಸಿರಿಂಜ್‌ನಿಂದ ಸೋಡಾ ನೀರು ಬಿಟ್ಟಾಗ ಸಂದಿಯುದ್ದಕ್ಕೂ ಸಾಲಾಗಿ ನೊರೆ ಬಂತು. ಮತ್ತೆ ಮತ್ತೆ ಬಿಟ್ಟೆ. ಈಗ ಕಾಗದ ಬದಲಾಗುತ್ತಿಲ್ಲ.

ಮಧ್ಯದ ಸೀಟ್ ಬೆಲ್ಟ್ ಬಕಲ್ ಇರುವ ಪಟ್ಟಿಗೆ ಆಸಿಡ್ ತಾಗಿದೆ. ನೋಡಲು ಏನೂ ಆಗಿಲ್ಲ, ಎಳೆದರೆ ಗಟ್ಟಿಯಾಗೇ ಇದೆ. ಅಪ್ಪ ತೊಳೆದು ಬಳಸೋಣ ಅಂತಾರೆ. ಬ್ಯಾಟರಿ ವಾಪಸ್ ತಂದು ಅಂಗಡಿಯಲ್ಲೇ ಇಟ್ಟಿದ್ದೇವೆ. ಹೇಗೆ ಒಯ್ಯಲಿ? ಡೀಲರ್ ಚೆಲ್ಲಿದ್ದರೆ ಬೆಲೆ ಕಡಿಮೆ ಅಂದರೆ ಡಿಸ್ಟಿಲ್ಡ್ ವಾಟರ್ ತುಂಬಿಸಿ ಕೊಡಲಾ?

ಮೋಟೆಬೆನ್ನೂರು_ಟ್ಯಾಕ್ಸಿ

ಬೆಲ್ಟ್ ಬದಲಿಸಿ. ಇದರಲ್ಲಿ ಚೌಕಾಸಿ ಬೇಡ. ಕೈಯಿಂದ ಎಳೆಯುವುದು ಬೇರೆ, ಎನ್‌ಎಚ್ 48ರಲ್ಲಿ ಬ್ರೇಕ್ ಬಿದ್ದಾಗ ಮನುಷ್ಯನ ಪೂರ್ತಿ ಭಾರ ಬೀಳುವುದು ಬೇರೆ. ಬ್ಯಾಟರಿ ಆಸಿಡ್ ತಾಗಿದ ಬೆಲ್ಟ್ ಬದಲಿಸಬೇಕು ಅಂತ ಕಾರಿನ ಮ್ಯಾನುಯಲ್‌ಗಳಲ್ಲೇ ಬರೆದಿರುತ್ತಾರೆ. ನಿಮ್ಮ ಗಾಡಿಯ ಪುಸ್ತಕ ತೆಗೆದು ಅಪ್ಪನಿಗೆ ತೋರಿಸಿ.

ಗ್ಯಾರೇಜ್_ಗೋಕುಲರೋಡ್

ಬೆಲ್ಟ್ ವಿಷಯಕ್ಕೆ ನನ್ನದೂ ಅದೇ ಮಾತು. ಹೊಸದು ಬರುವ ತನಕ ಮಧ್ಯದ ಸೀಟಲ್ಲಿ ಯಾರನ್ನೂ ಕೂರಿಸಬೇಡಿ.

ಬ್ಯಾಟರಿಗೆ ನೀರು ತುಂಬಿಸಬೇಡಿ. ಸ್ಕ್ರ್ಯಾಪ್ ಬೆಲೆ ಅದರೊಳಗಿನ ಸೀಸಕ್ಕೆ. ನೀರು ತುಂಬಿದರೆ ದಾರಿಯಲ್ಲಿ ಚೆಲ್ಲಲು ಇನ್ನಷ್ಟು ಇರುತ್ತದೆ ಅಷ್ಟೇ. ಆಸಿಡ್ ಚೆಲ್ಲಿ ಬನ್ನಿ ಅಂತ ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ, ಇದ್ದ ಹಾಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಮನೆ ಕಸಕ್ಕೆ ಹಾಕುವ ಹಾಗಿಲ್ಲ, ಅದನ್ನು ತೆಗೆದುಕೊಳ್ಳಲು ಅನುಮತಿ ಇರುವವರಿಗೇ ಕೊಡಬೇಕು. ಗುಜರಿ ಗಾಡಿಯವರಿಗೆ ಕೊಟ್ಟರೆ ಆಸಿಡ್ ಯಾವುದೋ ಗಟಾರಕ್ಕೆ ಹೋಗುತ್ತದೆ.

ಇನ್ನು ಒಯ್ಯುವುದು. ಕಾರಲ್ಲಿ ಬೇಡವೇ ಬೇಡ. ಟ್ಯೂಬುಲರ್ ಬ್ಯಾಟರಿ ತಳ ಕಿರಿದು, ಎತ್ತರ ಜಾಸ್ತಿ, ತೂಕ 50 ಕಿಲೋ ಮೇಲೆ. ತಿರುವಿನಲ್ಲೇ ವಾಲುತ್ತದೆ. ಟಾಟಾ ಏಸ್ ಥರದ ಗೂಡ್ಸ್ ಗಾಡಿ ಮಾಡಿ. ಆಳ ಇರುವ ಪ್ಲಾಸ್ಟಿಕ್ ಟಬ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಮುಚ್ಚಳ ಬಿಗಿ ಮಾಡಿ. ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ ಎರಡು ದಿಕ್ಕಿಗೂ ಹಗ್ಗ ಹಾಕಿ. ಟರ್ಮಿನಲ್‌ಗೆ ರಬ್ಬರ್ ಟ್ಯೂಬಿನ ತುಂಡು ಮುಚ್ಚಿ ಟೇಪ್ ಸುತ್ತಿ. ಡೀಲರ್ ಮನೆಗೇ ಬಂದು ಒಯ್ಯುತ್ತಾರಾ ಅಂತ ಮೊದಲು ಕೇಳಿ, ಎಷ್ಟೋ ಜನ ಬರುತ್ತಾರೆ.

ಬೆಟಗೇರಿ_ಅಂಗಡಿ

ಡೀಲರ್‌ಗೆ ಫೋನ್ ಮಾಡಿದೆ, ಸೋಮವಾರ ಅವರೇ ಗಾಡಿ ಕಳಿಸುತ್ತಾರಂತೆ. ಫೆಲ್ಟ್ ಚೀಲವನ್ನೂ ತೆಗೆದುಕೊಳ್ಳುತ್ತಾರೆ. ಮ್ಯಾನುಯಲ್ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬೆಲ್ಟ್ ಆರ್ಡರ್ ಮಾಡು ಅಂದರು. ಹಳದಿ ಕನೆಕ್ಟರ್ ಹೊರಗಿನಿಂದ ಒಣಗಿದೆ, ಆದರೂ ನೆಗೆಟಿವ್ ಹಾಕುವ ಮೊದಲು ಎಲೆಕ್ಟ್ರಿಷಿಯನ್‌ನ್ನು ಮನೆಗೇ ಕರೆಸುತ್ತಿದ್ದೇನೆ. ಪ್ರೈಮರ್ ಹೊಡೆಯುವ ಮೊದಲು ತಗಡು ಎಷ್ಟು ಒಣಗಬೇಕು?

ಗ್ಯಾರೇಜ್_ಗೋಕುಲರೋಡ್

ಸಂದಿ ಪೂರ್ತಿ ಒಣಗಬೇಕು. ಹೇರ್ ಡ್ರೈಯರ್ ಹಿಡಿದರೂ ಒಂದು ದಿನ ಹಾಗೇ ಬಿಡಿ. ಮಾರನೇ ದಿನ ನೋಡಿ. ಎಲ್ಲಾದರೂ ಬಿಳಿ ಪುಡಿ ಎದ್ದಿದ್ದರೆ ಒದ್ದೆ ಬಟ್ಟೆಯಿಂದ ತೆಗೆದು, ಮತ್ತೆ ತೊಳೆದು, ಮತ್ತೆ ಒಣಗಿಸಿ. ಎಲ್ಲಾದರೂ ಒದ್ದೆ ಕಲೆ ತಾನಾಗೇ ಬಂದಿದ್ದರೆ ಅಲ್ಲಿ ಇನ್ನೂ ಆಸಿಡ್ ಇದೆ, ದಾಸವಾಳದ ಕಾಗದ ಹಿಡಿಯಿರಿ. ಎರಡೂ ಇಲ್ಲದಿದ್ದರೆ ಪ್ರೈಮರ್ ಹೊಡೆಯಿರಿ. ಫೆಲ್ಟ್ ಮಾತ್ರ ಈಗಲೇ ಹಾಕಬೇಡಿ, ಎರಡು ವಾರ ಬರೀ ತಗಡಿನ ಮೇಲೇ ಓಡಿಸಿ. ಸದ್ದು ಸ್ವಲ್ಪ ಬರುತ್ತದೆ, ಬರಲಿ. ಏನಾದರೂ ಕಂಡರೆ ಆಗ ಫೋಟೋ ಹಾಕಿ, ನೋಡೋಣ.